ಬೀಡೋ, ಅಲ್ಯುಮಿನಿಯಮ್ಮೋ?
ಪಂದ್ಯದ ಕಾರು ಕಟ್ಟಹೊರಟವನ ಮುಂದಿರುವ ಮೊದಲ ಪ್ರಶ್ನೆ

ತಾಳವಾಡಿಯ ಕಡೆಯ ನನ್ನ ಸೋದರಳಿಯನೊಬ್ಬ ಕೊಯಮತ್ತೂರಿನ ಗ್ಯಾರೇಜಿನಲ್ಲಿ ಕೆಲಸಕ್ಕಿದ್ದಾನೆ. ಎರಕದ ಕಾರ್ಖಾನೆಗಳಿಗೂ ಮೋಟಾರು ಪಂದ್ಯಗಳಿಗೂ ಹೆಸರಾದ ಊರು ಅದು. ಅಲ್ಲಿಯ ಗಾಳಿ ಹುಡುಗನಿಗೂ ತಗುಲಿತೆಂದು ಕಾಣುತ್ತದೆ. ಕಳೆದ ದೀಪಾವಳಿಗೆ ಬಂದವನು ಊಟ ಮುಗಿಸಿ ಕೈತೊಳೆಯುತ್ತ ಕೇಳಿದ: "ಮಾವ, ಪಂದ್ಯದ ಬಯಲಲ್ಲಿ ಓಡಿಸೋಕೆ ಒಂದು ಕಾರು ಕಟ್ಟಬೇಕು ಅಂತಿದ್ದೀನಿ. ಎರಡು ಹಳೇ ಎಂಜಿನ್ ನೋಡಿಟ್ಟಿದ್ದೀನಿ. ಒಂದರ ಬ್ಲಾಕು ಬೀಡಿಂದು, ಇನ್ನೊಂದರದ್ದು ಅಲ್ಯುಮಿನಿಯಮ್ದು. ಯಾವುದು ತಗೊಳ್ಳಲಿ?"

ಅದು ಅವನು ನಾಲ್ಕು ವರ್ಷ ಕೂಡಿಟ್ಟ ಹಣ. ಆಯ್ಕೆ ತಪ್ಪಿದರೆ ಮತ್ತೆ ನಾಲ್ಕು ವರ್ಷ ಕಾಯಬೇಕು. ಎರಕದ ಕೆಲಸದಲ್ಲಿ ಆಯುಷ್ಯದ ಬಹುಭಾಗವನ್ನು ಕಳೆದ ನನಗೂ ಒಂದೇ ಮಾತಿನಲ್ಲಿ ಉತ್ತರ ಹೇಳಲು ಧೈರ್ಯ ಬರಲಿಲ್ಲ. ಆ ರಾತ್ರಿ ನಾವಿಬ್ಬರೂ ಕುಳಿತು ಆಡಿದ ಮಾತುಗಳ ಸಾರವನ್ನು, ಇಂಥ ಹಂಬಲವುಳ್ಳ ನಮ್ಮ ಇತರ ಮನೆಗಳ ತರುಣರಿಗೂ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ಅಡಿಗೆಮನೆಯ ಪಾಠ

ಬ್ಲಾಕ್ ಎಂಬುದು ಎಂಜಿನ್ನಿನ ಒಡಲು. ಪಿಸ್ಟನ್ನುಗಳು ಮೇಲೆ ಕೆಳಗೆ ಆಡುವ ಸಿಲಿಂಡರುಗಳೂ, ಅವುಗಳ ಸುತ್ತ ನೀರು ಹರಿಯುವ ಓಣಿಗಳೂ, ಕೆಳಗೆ ಕ್ರ್ಯಾಂಕ್ ಶಾಫ್ಟ್ ಕೂರುವ ಪೀಠಗಳೂ ಇರುವುದು ಇದರಲ್ಲಿಯೇ. ಇದು ಸೊಟ್ಟಗಾದರೆ ಉಳಿದ ಭಾಗಗಳು ಎಷ್ಟು ಉತ್ತಮವಾಗಿದ್ದರೂ ವ್ಯರ್ಥ.

ಲೋಹಗಳ ಗುಣವನ್ನರಿಯಲು ಕಾರ್ಖಾನೆಗೇ ಹೋಗಬೇಕಾಗಿಲ್ಲ. ದೋಸೆಯ ಬೀಡಿನ ಕಾವಲಿ ಕೈಗೆ ಭಾರ; ಕಾಯಲು ಹೊತ್ತು ಹಿಡಿಯುತ್ತದೆ; ಆದರೆ ಅತ್ತೆಯಿಂದ ಸೊಸೆಯ ಕೈಗೆ ಬಂದರೂ ಆಕಾರ ಕೆಡುವುದಿಲ್ಲ. ಸೊಲ್ಲಾಪುರದ ಕಡೆ 'ಜರ್ಮನ್' ಎಂದು ಕರೆಯುವ ಅಲ್ಯುಮಿನಿಯಂ ಪಾತ್ರೆ ಹಗುರ. ಬೇಗ ಕಾದು ಬೇಗ ಆರುತ್ತದೆ. ಆದರೆ ನೀರಿಲ್ಲದೆ ಒಲೆಯ ಮೇಲೆ ಮರೆತಿರೋ, ತಳ ಉಬ್ಬಿತೆಂದೇ ತಿಳಿಯಿರಿ.

ಇದನ್ನೇ ಅಂಕೆಗಳಲ್ಲಿ ಹೇಳುವುದಾದರೆ, ಒಂದು ಘನ ಸೆಂಟಿಮೀಟರ್ ಬೀಡು ಸುಮಾರು 7.2 ಗ್ರಾಂ ತೂಗುತ್ತದೆ, ಅಲ್ಯುಮಿನಿಯಂ 2.7 ಗ್ರಾಂ. ಶಾಖವನ್ನು ಸಾಗಿಸುವುದರಲ್ಲಿ ಎಂಜಿನ್ನಿಗೆ ಬಳಸುವ ಅಲ್ಯುಮಿನಿಯಂ ಮಿಶ್ರಲೋಹ ಬೀಡಿಗಿಂತ ಎರಡು ಮೂರು ಪಟ್ಟು ಚುರುಕು. ಆದರೆ ಕಾದಾಗ ಹಿಗ್ಗುವುದೂ ಬೀಡಿನ ಸುಮಾರು ಎರಡರಷ್ಟು. ಬಾಗದೆ ನಿಲ್ಲುವ ಬಿಗುವಿನಲ್ಲಿ ಬೀಡಿನದೇ ಮೇಲುಗೈ. ಆದ್ದರಿಂದ ಅಲ್ಯುಮಿನಿಯಂ ಬ್ಲಾಕಿನ ಗೋಡೆಗಳನ್ನು ದಪ್ಪವಾಗಿ ಎರೆಯಬೇಕು. ಪಿಸ್ಟನ್ ಉಜ್ಜುವ ಕಡೆಗೆ ಅನೇಕ ವೇಳೆ ಬೀಡಿನ ಲೈನರನ್ನೇ ಕೂರಿಸಬೇಕು. ಹೀಗಾಗಿ ಮೂರನೆಯ ಒಂದು ಭಾಗಕ್ಕೆ ಇಳಿಯಬೇಕಾಗಿದ್ದ ತೂಕ ಬಹುಮಟ್ಟಿಗೆ ಅರ್ಧದ ಆಸುಪಾಸಿನಲ್ಲಿ ನಿಲ್ಲುತ್ತದೆ.

ಒಂದೇ ಹೆಸರು, ಎರಡು ಲೋಹ

ಈ ಎರಡು ಲೋಹಗಳನ್ನೂ ಒಂದೇ ತಂಡ ಒರೆಗೆ ಹಚ್ಚಿ ಎರಡರಲ್ಲೂ ಗೆದ್ದ ಪ್ರಸಂಗ ಮೋಟಾರು ಪಂದ್ಯಗಳ ಚರಿತ್ರೆಯಲ್ಲಿದೆ. ಅದು ಬ್ರಾಬಮ್ ತಂಡ.

1966ರಲ್ಲಿ ಫಾರ್ಮುಲಾ ಒನ್ ಪಂದ್ಯದ ಎಂಜಿನ್ನುಗಳ ಗಾತ್ರವನ್ನು ಒಂದೂವರೆ ಲೀಟರಿನಿಂದ ಮೂರು ಲೀಟರಿಗೆ ಏರಿಸಲಾಯಿತು. ಇತರರು ಹನ್ನೆರಡು, ಹದಿನಾರು ಸಿಲಿಂಡರುಗಳ ಜಟಿಲ ಯಂತ್ರಗಳ ಬೆನ್ನುಹತ್ತಿದರು. ಆಸ್ಟ್ರೇಲಿಯದ ಜಾಕ್ ಬ್ರಾಬಮ್ ಬೇರೆ ದಾರಿ ಹಿಡಿದರು. ಅಮೆರಿಕದ ಓಲ್ಡ್ಸ್‌ಮೊಬೈಲ್ ಕಂಪೆನಿ 1961ರ ತನ್ನ ಸಣ್ಣ ಕಾರಿಗಾಗಿ ಮೂರೂವರೆ ಲೀಟರಿನ ಅಲ್ಯುಮಿನಿಯಂ ಬ್ಲಾಕೊಂದನ್ನು ಎರೆದಿತ್ತು. ಎರಡು ಮೂರು ವರ್ಷಗಳಲ್ಲಿಯೇ ಅದನ್ನು ಕೈಬಿಟ್ಟಿತ್ತು. ಮೆಲ್ಬರ್ನಿನ ರೆಪ್ಕೋ ಸಂಸ್ಥೆ ಆ ಬ್ಲಾಕನ್ನೇ ತೆಗೆದುಕೊಂಡು, ಮೂರು ಲೀಟರಿಗೆ ಇಳಿಸಿ, ಹೊಸ ಹೆಡ್ಡುಗಳನ್ನು ಕೂರಿಸಿ ಪಂದ್ಯದ ಎಂಜಿನ್ ಮಾಡಿತು. ಅದರ ಶಕ್ತಿ ಸುಮಾರು 300 ಅಶ್ವಶಕ್ತಿ ಮಾತ್ರ. ಆದರೆ ಅದು ಹಗುರವಾಗಿತ್ತು, ಸರಳವಾಗಿತ್ತು, ಕಡೆಯ ಸುತ್ತಿನವರೆಗೂ ಬಾಳುತ್ತಿತ್ತು. ಫ್ರಾನ್ಸ್, ಬ್ರಿಟನ್, ಹಾಲೆಂಡ್, ಜರ್ಮನಿಗಳಲ್ಲಿ ಸಾಲಾಗಿ ನಾಲ್ಕು ಪಂದ್ಯಗಳನ್ನು ಗೆದ್ದು, ನಲವತ್ತರ ಹರೆಯದ ಬ್ರಾಬಮ್ ತಮ್ಮದೇ ಹೆಸರಿನ ಕಾರಿನಲ್ಲಿ ವಿಶ್ವವಿಜೇತರಾದರು. ಅವರ ವಯಸ್ಸನ್ನು ಪತ್ರಿಕೆಗಳು ಆಡಿಕೊಂಡಾಗ, ಹಾಲೆಂಡಿನ ಪಂದ್ಯಕ್ಕೆ ಹುಸಿಗಡ್ಡ ಕಟ್ಟಿ ಕೋಲೂರಿಕೊಂಡು ಬಂದರಂತೆ!

ಈಗ 1983ಕ್ಕೆ ಬನ್ನಿ. ತಂಡ ಅದೇ ಹೆಸರಿನದು, ಒಡೆತನ ಬೇರೆಯವರದು. ಚಾಲಕ ಬ್ರೆಜಿಲ್ಲಿನ ನೆಲ್ಸನ್ ಪಿಕೆ. ಈ ಸಲದ ಎಂಜಿನ್ ಬಿ.ಎಂ.ಡಬ್ಲ್ಯು. ಕಂಪೆನಿಯದು: ನಾಲ್ಕೇ ಸಿಲಿಂಡರು, ಒಂದೂವರೆ ಲೀಟರು, ಟರ್ಬೋ. ಅದರ ಬ್ಲಾಕು 1960ರ ದಶಕದಿಂದ ಸಾಮಾನ್ಯರ ಕಾರುಗಳಲ್ಲಿ ಬಳಕೆಯಲ್ಲಿದ್ದ ಬೀಡಿನ ಬ್ಲಾಕು! ಟರ್ಬೋ ಎಂಬುದು ಗಾಳಿಯನ್ನು ಒತ್ತಿ ಒತ್ತಿ ಸಿಲಿಂಡರಿಗೆ ತುಂಬುವ ಯಂತ್ರ. ಆ ಒತ್ತಡ ಏರಿದಂತೆಲ್ಲ ಬ್ಲಾಕು ಬಾಗದೆ ನಿಲ್ಲಬೇಕು. ಬೀಡು ನಿಂತಿತು. ಟರ್ಬೋ ಎಂಜಿನ್ನಿನಿಂದ ಫಾರ್ಮುಲಾ ಒನ್ ವಿಶ್ವವಿಜೇತನಾದ ಮೊದಲ ಚಾಲಕ ಪಿಕೆ. ಆ ಮನೆತನದ ಎಂಜಿನ್ 1986ರ ಹೊತ್ತಿಗೆ, ಅರ್ಹತೆಯ ಸುತ್ತುಗಳಲ್ಲಿ, 1,000 ಅಶ್ವಶಕ್ತಿಯನ್ನೂ ಮೀರಿತು.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಬೀಡು ಭಾರವೆಂಬುದು ನಿಜ. ಆದರೆ ನಾಲ್ಕು ಸಿಲಿಂಡರಿನ ಪುಟ್ಟ ಬ್ಲಾಕಿನಲ್ಲಿ ಬೀಡು ಇರುವುದೇ ಸ್ವಲ್ಪ. ಎಂಟು ಸಿಲಿಂಡರಿನ ದೊಡ್ಡ ಬ್ಲಾಕಿನಲ್ಲಿ ಹೊರೆಯಾಗುವ ಗುಣ ಇಲ್ಲಿ ಅಷ್ಟು ಹೊರೆಯಲ್ಲ.

ಎಡವಿದ್ದು ಲೋಹವಲ್ಲ

ಅಲ್ಯುಮಿನಿಯಮಿಗೆ ಕೆಟ್ಟ ಹೆಸರು ತಂದ ಕಥೆಯನ್ನೂ ಹೇಳಬೇಕು. 1970ರಲ್ಲಿ ಅಮೆರಿಕದ ಷೆವ್ರೊಲೆ ಕಂಪೆನಿ 'ವೇಗಾ' ಎಂಬ ಕಾರನ್ನು ಹೊರತಂದಿತು. ಅದರ ಬ್ಲಾಕು ಸಿಲಿಕಾನ್ ಹೆಚ್ಚಾಗಿ ಬೆರೆಸಿದ ಅಲ್ಯುಮಿನಿಯಂ, ಲೈನರುಗಳೇ ಇಲ್ಲ. ಮೇಲಿನ ಹೆಡ್ಡು ಮಾತ್ರ ಬೀಡಿನದು. ನೀರು ಕಡಿಮೆಯಾಗಿ ಎಂಜಿನ್ ಕಾದೊಡನೆ ಬ್ಲಾಕು ಸೊಟ್ಟಗಾಗುತ್ತಿತ್ತು, ಸಿಲಿಂಡರಿನ ಮೈ ಗೀರಿಹೋಗುತ್ತಿತ್ತು. 1977ರಲ್ಲಿ ಅದರ ತಯಾರಿಕೆ ನಿಂತಿತು. ವಿಚಿತ್ರವೆಂದರೆ ಅದೇ ವರ್ಷ ಜರ್ಮನಿಯ ಪೋರ್ಷೆ ಕಂಪೆನಿ ಅದೇ ಬಗೆಯ, ಲೈನರಿಲ್ಲದ ಅಲ್ಯುಮಿನಿಯಂ ಬ್ಲಾಕಿನ '928' ಕಾರನ್ನು ತಂದು ಯಶಸ್ವಿಯಾಯಿತು. ತಂಪು ಮಾಡುವ ವ್ಯವಸ್ಥೆ, ಹೆಡ್ಡಿನ ಹೊಂದಾಣಿಕೆ, ಕೆಲಸದ ನಯ ಇವು ಸರಿಯಿದ್ದರೆ ಲೋಹ ಕೈಕೊಡುವುದಿಲ್ಲವೆಂಬುದು ಇದರಿಂದ ಸ್ಪಷ್ಟ.

ಲೆಕ್ಕ ಹಾಕಿ ನೋಡೋಣ

ಒಂದೇ ಎಂಜಿನ್ ಎರಡು ಲೋಹಗಳಲ್ಲೂ ದೊರೆತರೆ? ಅದಕ್ಕೂ ಉದಾಹರಣೆಯುಂಟು. ಷೆವ್ರೊಲೆ 1997ರ ಕಾರ್ವೆಟ್ ಕಾರಿಗೆ ಎಲ್.ಎಸ್. 1 ಎಂಬ ಅಲ್ಯುಮಿನಿಯಂ ಬ್ಲಾಕಿನ ಎಂಜಿನ್ನನ್ನು ಕೊಟ್ಟಿತು. ಎರಡು ವರ್ಷಗಳ ಬಳಿಕ ಸರಕು ಗಾಡಿಗಳಿಗೆ ಅದೇ ಮನೆತನದ ಬೀಡಿನ ಎಂಜಿನ್ನುಗಳನ್ನು ಕೊಟ್ಟಿತು. ಬ್ಲಾಕಿನ ತೂಕದ ಅಂತರ ಸುಮಾರು 45 ಕಿಲೋ.

1,400 ಕಿಲೋ ತೂಗುವ, 400 ಅಶ್ವಶಕ್ತಿಯ ಕಾರಿನಲ್ಲಿ ಈ 45 ಕಿಲೋ ಉಳಿಸಿದರೆ, ನೇರ ಹಾದಿಯ ಓಟಕ್ಕೆ ಅದು ಸುಮಾರು 13 ಅಶ್ವಶಕ್ತಿ ಕೂಡಿಸಿದಂತೆ. ಟರ್ಬೋ ಕೂರಿಸಿದವನಿಗೆ ಒತ್ತಡ ಸ್ವಲ್ಪ ಏರಿಸಿದರೆ ಇದಕ್ಕಿಂತ ಹೆಚ್ಚು ಸಿಗುತ್ತದೆ. ಹಾಗಾದರೆ ಬೀಡೇ ಲೇಸೆ? ಅವಸರ ಬೇಡ. ಎಂಜಿನ್ ಮುಂದಿರುವ ಕಾರಿನಲ್ಲಿ ಈ ಭಾರ ಕೂರುವುದು ಮೂಗಿನ ಮೇಲೆ. ದಿಂಬಂ ಘಾಟಿಯ 27 ತಿರುವುಗಳಲ್ಲಿ ಲಾರಿ ಏರಿಸಿದವರನ್ನು ಕೇಳಿ: ಮುಂದೆ ಭಾರವಿದ್ದ ಗಾಡಿ ತಿರುಗಲು ಹೇಗೆ ಮೊಂಡು ಹಿಡಿಯುತ್ತದೆಂದು ಹೇಳುತ್ತಾರೆ. ಪಂದ್ಯದ ಬಯಲಿನಲ್ಲಿಯೂ ಹಾಗೆಯೇ. ನೇರ ಹಾದಿಯಲ್ಲಿ ಮರೆಯಾಗುವ ಭಾರ ಪ್ರತಿ ತಿರುವಿನಲ್ಲೂ, ಪ್ರತಿ ಬ್ರೇಕಿನಲ್ಲೂ ಎದ್ದು ಬರುತ್ತದೆ. ಕಾರು ಸಣ್ಣದಾದಷ್ಟೂ ಒಂದೊಂದು ಕಿಲೋ ಭಾರದ ಬೆಲೆ ಹೆಚ್ಚು.

ಜಪಾನಿನ ನಿಸಾನ್ ಕಂಪೆನಿ 1989ರ ತನ್ನ ಸ್ಕೈಲೈನ್ ಜಿ.ಟಿ.ಆರ್. ಕಾರಿಗೆ ಬೀಡಿನ ಬ್ಲಾಕನ್ನೇ ಕೊಟ್ಟಿತ್ತು. ಟೊಯೋಟಾದ 1993ರ ಸುಪ್ರಾ ಕಾರಿನ ಬೀಡಿನ ಬ್ಲಾಕಂತೂ ಕಾರ್ಖಾನೆ ಕೊಟ್ಟ ಶಕ್ತಿಯ ಇಮ್ಮಡಿಯನ್ನು ತಾಳಿಕೊಳ್ಳುವುದೆಂದು ಹೆಸರಾಯಿತು. ಆದರೆ 2007ರ ಜಿ.ಟಿ.ಆರ್.ನಲ್ಲಿ ನಿಸಾನ್ ಟರ್ಬೋವನ್ನು ಬಿಡದೆಯೇ ಅಲ್ಯುಮಿನಿಯಮಿಗೆ ಹೊರಳಿತು. ಲೈನರಿನ ಬದಲು ಸಿಲಿಂಡರಿನ ಮೈಗೆ ಲೋಹದ ತೆಳು ಲೇಪವನ್ನು ಎರಚಿತು. ಕಾರ್ಖಾನೆಗೆ ಸಾಧ್ಯವಾದುದೆಲ್ಲ ಗ್ಯಾರೇಜಿಗೆ ಸಾಧ್ಯವಾಗದು ಎಂಬುದನ್ನು ಮಾತ್ರ ಮರೆಯಬಾರದು.

ತಪ್ಪಿನ ಬೆಲೆ

ಗ್ಯಾರೇಜಿನವನು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ತಪ್ಪಾದರೆ ಏನು ಗತಿ? ಬೀಡಿನ ಸಿಲಿಂಡರು ಸವೆದರೆ ಅದನ್ನು ಕೊರೆದು ಒಂದು ಅಳತೆ ದೊಡ್ಡ ಪಿಸ್ಟನ್ ಹಾಕಬಹುದು. ನಮ್ಮ ಸಣ್ಣ ಪಟ್ಟಣಗಳಲ್ಲಿಯೂ ಈ ಕೆಲಸ ಬಲ್ಲವರಿದ್ದಾರೆ. ಅಲ್ಯುಮಿನಿಯಮಿನೊಳಗಿನ ತೆಳು ಲೈನರುಗಳಿಗೆ ಅಷ್ಟು ಅವಕಾಶವಿಲ್ಲ. ಅನೇಕ ವೇಳೆ ಹೊಸ ಲೈನರನ್ನೇ ಕೂರಿಸಬೇಕು. ಆದರೆ ಬಿರುಕು ಬಿಟ್ಟರೆ ಮಾತು ತಿರುಗುಮುರುಗು. ಅಲ್ಯುಮಿನಿಯಮನ್ನು ನುರಿತ ಕೈ ಬೆಸೆಯಬಲ್ಲುದು. ಬೀಡನ್ನು ಬೆಸೆಯುವುದು ಬಲು ಕಷ್ಟ.

ಇನ್ನೊಂದು ಮಾತು ನೀರಿನದು. ರಾಯದುರ್ಗ, ಜತ್ತ ಮುಂತಾದ ಒಣಸೀಮೆಗಳಲ್ಲಿ ಕೊಳವೆಬಾವಿಯ ಗಡಸು ನೀರನ್ನೇ ರೇಡಿಯೇಟರಿಗೆ ಸುರಿಯುವ ರೂಢಿಯುಂಟು. ಅದರ ಲವಣಗಳು ಅಲ್ಯುಮಿನಿಯಮನ್ನು ತಿನ್ನುತ್ತವೆ, ನೀರಿನ ಓಣಿಗಳಲ್ಲಿ ಗಾರೆಯಂತೆ ಕಟ್ಟುತ್ತವೆ. ಅಲ್ಯುಮಿನಿಯಂ ಎಂಜಿನ್ ಇಟ್ಟುಕೊಂಡವರು ಸರಿಯಾದ ಕೂಲೆಂಟನ್ನೇ ಹಾಕಬೇಕು. ಕಾವಿನ ಮುಳ್ಳು ಮೇಲೇರಿದೊಡನೆ ಗಾಡಿಯನ್ನು ನಿಲ್ಲಿಸಬೇಕು. ಹಾಗೆಯೇ, ಸಾರ್ವಜನಿಕ ರಸ್ತೆಯ ಗಾಡಿಗೆ ಬೇರೆ ಎಂಜಿನ್ ಕೂರಿಸುವುದು 1988ರ ಮೋಟಾರು ವಾಹನ ಕಾಯಿದೆಯ ಕಟ್ಟುಪಾಡಿಗೆ ಒಳಪಟ್ಟದ್ದು. ಎಂಜಿನ್ನಿನ ಸಂಖ್ಯೆ ನೋಂದಣಿ ಪತ್ರದಲ್ಲಿರುತ್ತದೆ. ಇಂಥ ಪ್ರಯೋಗಗಳು ಪಂದ್ಯದ ಬಯಲಿಗೇ ಮೀಸಲಾಗಿರಲಿ.

ಇಷ್ಟೆಲ್ಲ ಮಾತಾಗುವಷ್ಟರಲ್ಲಿ ನಡುರಾತ್ರಿ ಕಳೆದಿತ್ತು. ಹುಡುಗ ಒಂದು ಹಾಳೆಯಲ್ಲಿ ತನ್ನ ಹಣವನ್ನು ಭಾಗ ಮಾಡಿ ಬರೆದ. ಎಂಜಿನ್ನಿಗೆ ಇಷ್ಟು, ರೇಡಿಯೇಟರಿಗೆ ಇಷ್ಟು, ಬ್ರೇಕಿಗೆ ಇಷ್ಟು, ಬ್ಲಾಕನ್ನು ಅಳೆಸಿ ಬಿರುಕು ನೋಡಿಸಲು ಇಷ್ಟು. ಅಲ್ಯುಮಿನಿಯಂ ಎಂಜಿನ್ನಿನ ಬೆಲೆ ಕೊಟ್ಟರೆ ಬ್ರೇಕಿನ ಪಾಲು ಖಾಲಿಯಾಗುತ್ತಿತ್ತು. ಅವನು ಸ್ವಲ್ಪ ಹೊತ್ತು ಹಾಳೆಯನ್ನೇ ನೋಡುತ್ತಿದ್ದು, "ಇದು ನನ್ನ ಮೊದಲನೇದು, ಮಾವ. ತಪ್ಪು ಮಾಡೇ ಮಾಡ್ತೀನಿ. ತಪ್ಪನ್ನ ತಡ್ಕೊಳ್ಳೋ ಬೀಡೇ ಇರಲಿ. ಎರಡನೇ ಕಾರಿಗೆ ಹಗುರದ್ದು ನೋಡೋಣ" ಎಂದ.

ಅವನ ಕಾರಿಗೆ ಅದು ಸರಿಯಾದ ಉತ್ತರ. ನಿಮ್ಮ ಮನೆಯ ಹುಡುಗನ ಕಾರಿಗೆ ಬೇರೊಂದು ಉತ್ತರ ಸರಿಯಿದ್ದೀತು. ಆದರೆ ಹಾಳೆಯನ್ನು ಮೊದಲು ಬರೆದು, ಎಂಜಿನ್ನನ್ನು ಆಮೇಲೆ ಕೊಳ್ಳಲಿ.