ಮನೆ ದುರಸ್ತಿಯೊಡನೆ ವಿದ್ಯುತ್ ಉಳಿತಾಯ: ಲೆಕ್ಕ ಹಾಕುವ ಬಗೆ

ತಾರಸಿ ಸೋರಲಾರಂಭಿಸಿದಾಗ, ಹಳೆಯ ವೈರಿಂಗ್ ಕೆಟ್ಟಾಗ ಅಥವಾ ಸ್ನಾನಗೃಹದ ಕೊಳವೆಗಳು ತುಕ್ಕು ಹಿಡಿದಾಗ ನಾವು ಮನೆಯ ದುರಸ್ತಿಗೆ ಕೈ ಹಾಕುತ್ತೇವೆ. ಗುತ್ತಿಗೆದಾರರಿಂದ ಅಂದಾಜುಪಟ್ಟಿ ಪಡೆದು, ಚೌಕಾಸಿ ಮಾಡಿ, ಕೆಲಸ ಮುಗಿದರೆ ಸಾಕೆಂದು ಭಾವಿಸುತ್ತೇವೆ. ಅದೇ ಸಂದರ್ಭದಲ್ಲಿ ಅಲ್ಪ ಹೆಚ್ಚುವರಿ ವೆಚ್ಚ ಮಾಡಿದಲ್ಲಿ ಮುಂದಿನ ಹಲವು ವರ್ಷಗಳ ವಿದ್ಯುತ್ ಬಿಲ್ಲನ್ನು ತಗ್ಗಿಸಿಕೊಳ್ಳಬಹುದೆಂಬುದು ಬಹುಮಂದಿಯ ಗಮನಕ್ಕೆ ಬರುವುದಿಲ್ಲ. ಕೆಳಗೆ ಅಂಗಡಿ, ಮೇಲೆ ಮನೆ ಇರುವ ವರ್ತಕರಿಗೆ ಈ ವಿಷಯ ಎರಡು ಪಟ್ಟು ಮುಖ್ಯ. ಅವರಿಗೆ ಉಳಿತಾಯದೊಡನೆ ತೆರಿಗೆಯ ಲೆಕ್ಕವೂ ಸೇರಿಕೊಳ್ಳುತ್ತದೆ.

ವ್ಯತ್ಯಾಸದ ವೆಚ್ಚವೇ ಅಳತೆಗೋಲು

ಒಂದು ಉದಾಹರಣೆಯನ್ನು ಪರಿಶೀಲಿಸೋಣ. ಸಾಮಾನ್ಯ ಸೀಲಿಂಗ್ ಫ್ಯಾನ್ ಸುಮಾರು 75 ವ್ಯಾಟ್, ಬಿಎಲ್‌ಡಿಸಿ ಮೋಟಾರಿನ ಫ್ಯಾನ್ ಸುಮಾರು 30 ವ್ಯಾಟ್ ಬಳಸುತ್ತದೆ. ದಿನಕ್ಕೆ 12 ಗಂಟೆಯಂತೆ ವರ್ಷದಲ್ಲಿ 300 ದಿನ ತಿರುಗಿದರೆ ಉಳಿತಾಯ 162 ಯೂನಿಟ್. ಯೂನಿಟ್‌ಗೆ 6 ರೂ. ಎಂದು ಹಿಡಿದರೆ ಇದು ವರ್ಷಕ್ಕೆ 972 ರೂ. ಸಾಮಾನ್ಯ ಫ್ಯಾನಿನ ಬೆಲೆ 1,600 ರೂ., ಬಿಎಲ್‌ಡಿಸಿಯದು 3,000 ರೂ. ಎಂದು ಭಾವಿಸೋಣ. ಚೆನ್ನಾಗಿ ತಿರುಗುತ್ತಿರುವ ಫ್ಯಾನನ್ನು ತೆಗೆದು ಹೊಸದನ್ನು ಹಾಕಿದರೆ 3,000 ರೂ. ಮರಳಿ ಬರಲು ಮೂರು ವರ್ಷಗಳಿಗೂ ಸ್ವಲ್ಪ ಹೆಚ್ಚು ಕಾಲ ಬೇಕು. ಆದರೆ ಹಳೆಯ ಫ್ಯಾನ್ ಸುಟ್ಟುಹೋಗಿ ಹೇಗಿದ್ದರೂ ಹೊಸದನ್ನು ಕೊಳ್ಳಬೇಕಾಗಿದ್ದರೆ, ಹೆಚ್ಚುವರಿ ಹೂಡಿಕೆ ಕೇವಲ 1,400 ರೂ. ಅದು ಸುಮಾರು ಹದಿನೇಳು ತಿಂಗಳಲ್ಲಿ ವಸೂಲಾಗುತ್ತದೆ.

ದುರಸ್ತಿಯ ಸಮಯದಲ್ಲಿ ಕೂಲಿ, ಸಾರುವೆ, ಸಾಗಣೆ ಇವೆಲ್ಲ ಹೇಗಿದ್ದರೂ ತಗಲುವ ವೆಚ್ಚಗಳು. ಆದ್ದರಿಂದ ಅಂದಾಜುಪಟ್ಟಿ ಪಡೆಯುವಾಗ ‘ಸಾಧಾರಣ ದುರಸ್ತಿ’ ಮತ್ತು ‘ಇಂಧನ ಉಳಿತಾಯದ ದುರಸ್ತಿ’ ಎಂದು ಎರಡು ದರಗಳನ್ನು ಕೇಳಿ, ಅವುಗಳ ವ್ಯತ್ಯಾಸವನ್ನು ವಾರ್ಷಿಕ ಉಳಿತಾಯದಿಂದ ಭಾಗಿಸಬೇಕು.

ಕೆಲಸದ ಅನುಕ್ರಮ

ಮೇಲಂತಸ್ತಿನ ಮನೆಗೆ ಬೇಸಿಗೆಯಲ್ಲಿ ಬಿಸಿಲಿನ ಕಾವು ಮುಖ್ಯವಾಗಿ ತಾರಸಿಯಿಂದ ಇಳಿಯುತ್ತದೆ. ಸೋರಿಕೆ ತಡೆಯುವ ಕೆಲಸ ಮಾಡಿಸುವಾಗ ಮೇಲ್ಪದರಕ್ಕೆ ಬಿಳಿಯ ಟೈಲ್ಸ್ ಚೂರುಗಳನ್ನು ಹಾಸಿದರೆ ಅಥವಾ ಬಿಸಿಲನ್ನು ಪ್ರತಿಫಲಿಸುವ ಬಿಳಿ ಬಣ್ಣ ಬಳಿಸಿದರೆ ಒಳಗಿನ ಶಾಖ ತಗ್ಗುತ್ತದೆ. ಪಶ್ಚಿಮದ ಕಿಟಕಿಗಳಿಗೆ ಸಜ್ಜಾ ಹಾಕಿಸುವುದೂ ಈ ಹಂತದ ಕೆಲಸವೇ. ಇವು ಮುಗಿದ ನಂತರವೇ ಎ.ಸಿ.ಯ ಗಾತ್ರವನ್ನು ನಿರ್ಧರಿಸುವುದು ಲೇಸು. ಶಾಖ ಕಡಿಮೆಯಾದ ಕೋಣೆಗೆ ಚಿಕ್ಕ ಯಂತ್ರವೇ ಸಾಕಾಗಬಹುದು.

ಸ್ನಾನಗೃಹದ ಗೋಡೆಯನ್ನು ಒಡೆದಿರುವಾಗಲೇ ತಾರಸಿಯಿಂದ ಬಿಸಿನೀರಿನ ಕೊಳವೆಯನ್ನು ಇಳಿಸಿಟ್ಟರೆ, ಸೋಲಾರ್ ವಾಟರ್ ಹೀಟರನ್ನು ಮುಂದೆ ಯಾವಾಗ ಬೇಕಾದರೂ ಅಳವಡಿಸಬಹುದು. 2 ಕಿಲೋವ್ಯಾಟ್‌ನ ಗೀಸರ್ ದಿನಕ್ಕೊಂದು ಗಂಟೆ ಉರಿದರೆ 2 ಯೂನಿಟ್. 300 ದಿನಕ್ಕೆ 600 ಯೂನಿಟ್. ಟೈಲ್ಸ್ ಹಾಕಿದ ಮೇಲೆ ಇದೇ ಕೆಲಸಕ್ಕೆ ಮತ್ತೆ ಗೋಡೆ ಒಡೆಯಬೇಕಾಗುತ್ತದೆ.

ಸೋಲಾರ್ ವಿದ್ಯುತ್ ಫಲಕಗಳ ಸರದಿ ತಾರಸಿ ದುರಸ್ತಿಯ ನಂತರದ್ದು. ಸೋರುವ ತಾರಸಿಯ ಮೇಲೆ ಅವನ್ನು ಕೂರಿಸಿದರೆ ಮುಂದೆ ಬಿಚ್ಚಿ ಮತ್ತೆ ಜೋಡಿಸುವ ಖರ್ಚು ಬೀಳುತ್ತದೆ. 2024ರಲ್ಲಿ ಆರಂಭವಾದ ಪಿ.ಎಂ. ಸೂರ್ಯಘರ್ ಯೋಜನೆಯಲ್ಲಿ ವಾಸದ ಮನೆಗಳಿಗೆ ಗರಿಷ್ಠ 78,000 ರೂ. ಸಹಾಯಧನ ನಿಗದಿಯಾಯಿತು. ಅರ್ಜಿ ಸಲ್ಲಿಸುವ ಮುನ್ನ ಆ ದಿನ ಜಾರಿಯಲ್ಲಿರುವ ನಿಯಮಗಳನ್ನು ವಿದ್ಯುತ್ ಕಂಪನಿಯಲ್ಲಿ ವಿಚಾರಿಸುವುದು ಒಳಿತು.

ಕರ್ನಾಟಕದ ಗೃಹಬಳಕೆದಾರರು ಮತ್ತೊಂದು ಅಂಶವನ್ನು ಗಮನಿಸಬೇಕು. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯ ನಿಯಮದಂತೆ, ತಿಂಗಳ ಬಳಕೆ 200 ಯೂನಿಟ್ ಮೀರಿದರೆ ಪೂರ್ಣ ಬಿಲ್ಲನ್ನು ಪಾವತಿಸಬೇಕು. 215 ಯೂನಿಟ್ ಬಳಸುವ ಕುಟುಂಬವು 20 ಯೂನಿಟ್ ಉಳಿಸಿದರೆ ಆಗುವ ಲಾಭ ಆ 20 ಯೂನಿಟ್‌ಗಳ ಬೆಲೆಗಿಂತ ಬಹಳ ಹೆಚ್ಚಾಗಬಲ್ಲದು.

ತೆರಿಗೆಯ ದೃಷ್ಟಿಯಲ್ಲಿ

ಸ್ವಂತ ವಾಸದ ಮನೆಯ ದುರಸ್ತಿಯು ವೈಯಕ್ತಿಕ ವೆಚ್ಚ. ಅದನ್ನು ಅಂಗಡಿಯ ಲೆಕ್ಕದಲ್ಲಿ ಬರೆಯುವಂತಿಲ್ಲ. ಅದರ ಮೇಲಿನ ಜಿ.ಎಸ್.ಟಿ.ಗೆ ಇನ್‌ಪುಟ್ ಕ್ರೆಡಿಟ್ ಪಡೆಯುವಂತೆಯೂ ಇಲ್ಲ. ದುರಸ್ತಿಗಾಗಿ ಸಾಲ ಪಡೆದಿದ್ದಲ್ಲಿ, ಹಳೆಯ ತೆರಿಗೆ ಪದ್ಧತಿಯನ್ನು ಆಯ್ದುಕೊಂಡವರಿಗೆ ಮಾತ್ರ ವರ್ಷಕ್ಕೆ 30,000 ರೂ. ಮಿತಿಯೊಳಗೆ ಬಡ್ಡಿಯ ಕಡಿತವಿದೆ. ಬಾಡಿಗೆಗೆ ಕೊಟ್ಟ ಮನೆಯಾದರೆ ನಿವ್ವಳ ವಾರ್ಷಿಕ ಮೌಲ್ಯದ ಶೇ. 30ರಷ್ಟು ಕಡಿತವು ವಾಸ್ತವಿಕ ಖರ್ಚು ಎಷ್ಟೇ ಇದ್ದರೂ ದೊರೆಯುತ್ತದೆ. ದುರಸ್ತಿಗೆಂದು ಪ್ರತ್ಯೇಕ ಕಡಿತವಿಲ್ಲ.

ವ್ಯಾಪಾರದ ಭಾಗಕ್ಕೆ ಸಂಬಂಧಿಸಿದ ವೆಚ್ಚದ ರೀತಿಯೇ ಬೇರೆ. ಇರುವುದನ್ನು ಸುಸ್ಥಿತಿಯಲ್ಲಿಡುವ ದುರಸ್ತಿಯನ್ನು ಅದೇ ವರ್ಷ ಪೂರ್ಣವಾಗಿ ಖರ್ಚಿಗೆ ಬರೆಯಬಹುದು. ಹೊಸ ಸ್ವತ್ತು ಉಂಟಾದರೆ ಅದು ಬಂಡವಾಳ ವೆಚ್ಚವಾಗಿ, ಸವಕಳಿ ಮಾತ್ರ ದೊರೆಯುತ್ತದೆ. ಕಟ್ಟಡದ ನವೀಕರಣವನ್ನು ಬಂಡವಾಳವಾಗಿ ತೋರಿಸಿದಷ್ಟರ ಮಟ್ಟಿಗೆ ಜಿ.ಎಸ್.ಟಿ. ಕ್ರೆಡಿಟ್ ಇಲ್ಲ. ಆದ್ದರಿಂದ ಮನೆ ಮತ್ತು ಅಂಗಡಿಯ ಕೆಲಸಗಳಿಗೆ, ಹಾಗೆಯೇ ದುರಸ್ತಿ ಮತ್ತು ಹೊಸ ಸ್ವತ್ತಿಗೆ, ಗುತ್ತಿಗೆದಾರರಿಂದ ಬೇರೆ ಬೇರೆ ಬಿಲ್ಲುಗಳನ್ನೇ ಪಡೆಯತಕ್ಕದ್ದು. ಒಂದೇ ಬಿಲ್ಲಿನಲ್ಲಿ ಎಲ್ಲವೂ ಕಲಸಿದ್ದರೆ ಪರಿಶೀಲನೆಯ ವೇಳೆ ನ್ಯಾಯವಾದ ವೆಚ್ಚವೂ ತಿರಸ್ಕೃತವಾಗುವ ಸಂಭವವಿದೆ.

ವೈರಿಂಗ್ ಬದಲಿಸುವಾಗ ಮನೆಗೂ ಅಂಗಡಿಗೂ ಪ್ರತ್ಯೇಕ ಮೀಟರ್ ಇರುವುದನ್ನು ಖಚಿತಪಡಿಸಿಕೊಳ್ಳಿ. ಗೃಹಬಳಕೆಯ ಸಂಪರ್ಕದಿಂದ ಅಂಗಡಿ ನಡೆಸುವುದು 2003ರ ವಿದ್ಯುಚ್ಛಕ್ತಿ ಅಧಿನಿಯಮದ 126ನೇ ಪ್ರಕರಣದಂತೆ ಅನಧಿಕೃತ ಬಳಕೆ. ಅನ್ವಯಿಸುವ ದರದ ಎರಡರಷ್ಟನ್ನು ವಸೂಲು ಮಾಡಲು ಅವಕಾಶವಿದೆ. ಹೀಗೊಂದು ನೋಟಿಸು ಬಂದರೆ ಹಲವು ವರ್ಷಗಳ ಉಳಿತಾಯ ಒಮ್ಮೆಗೇ ಕರಗಿಹೋಗುತ್ತದೆ.

ಸದಸ್ಯರು ದುರಸ್ತಿಗೆ ಮುಂಗಡ ಕೊಡುವ ಮುನ್ನ ಕಳೆದ ಹನ್ನೆರಡು ತಿಂಗಳ ವಿದ್ಯುತ್ ಬಿಲ್ಲುಗಳನ್ನು ಒಟ್ಟುಗೂಡಿಸಿ ಬಳಕೆಯ ಸರಾಸರಿ ತೆಗೆಯಲಿ. ಕೆಲಸ ಮುಗಿದ ಮೇಲಿನ ಹನ್ನೆರಡು ತಿಂಗಳ ಬಿಲ್ಲುಗಳನ್ನು ಅದರೊಡನೆ ಹೋಲಿಸಿದಲ್ಲಿ, ಹೂಡಿದ ಹಣ ಮರಳುತ್ತಿದೆಯೇ ಎಂಬುದಕ್ಕೆ ಅಂಕಿಗಳಲ್ಲೇ ಉತ್ತರ ಸಿಗುತ್ತದೆ.