ಬಣ್ಣ ನೋಡಿ ಸೈಕಲ್ ಕೊಂಡವರು, ಗಾಲಿ ನೋಡಿ ಅತ್ತರು!

ಮಂಡ್ಯ: ಜೂನ್ ತಿಂಗಳು ಬಂತೆಂದರೆ ಪೇಟೆ ಬೀದಿಯಲ್ಲಿ ಮೂರು ಸರಕಿಗೆ ಗಿರಾಕಿ ಜಾಸ್ತಿ. ಒಂದು ಛತ್ರಿ, ಎರಡು ನೋಟ್ ಪುಸ್ತಕ, ಮೂರು ಸೈಕಲ್. ಮೊದಲೆರಡರಲ್ಲಿ ಮೋಸ ಹೋದರೆ ನೂರಿನ್ನೂರು ರೂಪಾಯಿಯ ಮಾತು. ಮೂರನೆಯದರಲ್ಲಿ ಮೋಸ ಹೋದರೆ ಕಬ್ಬಿನ ದುಡ್ಡಿನಲ್ಲಿ ಒಂದು ಪಾಲೇ ಹೋಯಿತು ಅಂತ ಲೆಕ್ಕ.

ಮೊನ್ನೆ ಸಂಜೆ ಇಲ್ಲಿನ ಸೈಕಲ್ ಶಾಪೊಂದರ ಮುಂದೆ ಅಪ್ಪ-ಮಗ ನಿಂತಿದ್ದರು. ಮಗ ಎಸ್ಸೆಸ್ಸೆಲ್ಸಿ ಪಾಸು. ಪಟ್ಟಣದ ಕಾಲೇಜಿನಲ್ಲಿ ಸೀಟು ಸಿಕ್ಕಿದೆ. ಮನೆಯಿಂದ ಬಸ್ ನಿಲ್ಲುವ ಗೇಟಿಗೆ ನಾಲ್ಕು ಕಿಲೋಮೀಟರ್, ಅದರಲ್ಲಿ ಅರ್ಧ ನಾಲೆ ಏರಿ. ಏಳೂವರೆ ಬಸ್ಸು ತಪ್ಪಿದರೆ ಮೊದಲ ಪಾಠವೂ ತಪ್ಪಿತು. ಹುಡುಗನ ಕಣ್ಣೆಲ್ಲ ಕೆಂಪು ಬಣ್ಣದ, ದಪ್ಪ ಟೈರಿನ, ಮುಂದೆ ಸ್ಪ್ರಿಂಗ್ ಇರುವ ಸೈಕಲ್ ಮೇಲೆ.

"ಇದೇ ಆಗ್ಲಿ ಕಣಪ್ಪಾ."

"ಗಟ್ಟಿ ಐತಾ ಸಾಬ್ರೇ?" ಅಂದರು ಅಪ್ಪ.

ಸ್ಪ್ಯಾನರ್ ಹಿಡಿದು ಕೂತಿದ್ದ ಹಿರಿಯ ಮೆಕ್ಯಾನಿಕ್ ತಲೆ ಎತ್ತಲಿಲ್ಲ. "ಗೌಡ್ರೇ, ದೊಡ್ಡ ಮಗನ್ಗೆ ಒಂದು ತಗೊಂಡಿದ್ರಲ್ಲ, ಅದೆಲ್ಲಿ?"

"ಕೊಟ್ಟಿಗೇಲಿ ನೇತಾಕಿವ್ನಿ. ಟೈರು ಕೂತ್ಕಳದೇ ಇಲ್ಲ ಅಂತದೆ. ಎಲ್ಡ್ ಸಲ ಹೊಸದು ತಂದೆ. ಎಲ್ಡೂ ಇಪ್ಪತ್ತಾರೇ, ನಂಬರ್ ನೋಡೇ ತಂದಿದ್ದು."

ಗಲಾಟೆ ಇರುವುದೇ ಆ ನಂಬರಿನಲ್ಲಿ.

ಇಪ್ಪತ್ತಾರು ಅಂದರೆ ಯಾವ ಇಪ್ಪತ್ತಾರು?

ಟೈರಿನ ಪಕ್ಕೆಯಲ್ಲಿ ಎರಡು ಥರದ ನಂಬರ್ ಇರುತ್ತದೆ. ಒಂದು ಇಂಚಿನದು, ಬಾಯಲ್ಲಿ ಓಡಾಡುವಂಥದು. ಇನ್ನೊಂದು ಮಿಲಿಮೀಟರಿನದು, ಸಣ್ಣಕ್ಷರದ್ದು, ಯಾರೂ ನೋಡದ್ದು. ಸತ್ಯ ಹೇಳುವುದು ಈ ಎರಡನೆಯದು.

26×1⅜ ಅಂತ ಬರೆದ ಟೈರಿನಲ್ಲಿ 37-590 ಅಂತಲೂ ಇರುತ್ತದೆ. 26×1.95 ಅಂತ ಬರೆದ ದಪ್ಪ ಟೈರಿನಲ್ಲಿ ಕೊನೆಯ ಮೂರಂಕಿ 559. ಈ ಮೂರಂಕಿ ಅಂದರೆ ಟೈರು ರಿಮ್ಮಿನ ಮೇಲೆ ಕೂರುವ ಜಾಗದ ಅಡ್ಡಳತೆ. ಎರಡೂ ಇಪ್ಪತ್ತಾರೇ, ಆದರೆ ನಡುವೆ 31 ಮಿಲಿಮೀಟರ್, ಒಂದೂಕಾಲು ಇಂಚಿನಷ್ಟು ವ್ಯತ್ಯಾಸ! ದಪ್ಪ ಟೈರಿನ ರಿಮ್ಮಿಗೆ ತೆಳ್ಳನೆ ಇಪ್ಪತ್ತಾರು ಹಾಕಿದರೆ ತಾತನ ಅಂಗಿ ಮೊಮ್ಮಗನಿಗೆ ತೊಡಿಸಿದ ಹಾಗೆ. ಗೌಡರು ಎರಡು ಸಲವೂ ತಂದದ್ದು ಅದೇ.

ಹಾಲಿನವರು, ಸೊಪ್ಪಿನವರು ತುಳಿಯುವ ಕರೀ ಸೈಕಲ್ಲಿಗೆ 28×1½. ಅದರ ಸಣ್ಣಕ್ಷರ 40-635. ತೆಳ್ಳನೆ ಟೈರಿನ 700 ಅನ್ನುವ ಸೈಕಲ್ಲಿಗೂ, 29 ಅನ್ನುವ ದಪ್ಪ ಟೈರಿನ ಸೈಕಲ್ಲಿಗೂ ಕೊನೆಯ ಅಂಕಿ ಒಂದೇ, 622. ಹೆಸರು ಬೇರೆ, ಅಳತೆ ಒಂದು. ಹೆಸರು ಒಂದು, ಅಳತೆ ಬೇರೆ. ಆದ್ದರಿಂದ ಟೈರು ತರಲು ಹೋಗುವವರು ಹಳೇ ಟೈರಿನ ಕೊನೆಯ ಮೂರಂಕಿ ಚೀಟಿಯಲ್ಲಿ ಬರೆದುಕೊಂಡು ಹೋಗುವುದು ಕ್ಷೇಮ.

ಮುಳ್ಳು ಟೈರು ಯಾರಿಗೆ?

ಗುಬುಟು ಗುಬುಟಾದ ಟೈರು ನೋಡಲು ಗಂಡು. ಕೆಸರಿನಲ್ಲಿ ಹಿಡಿತವೂ ಉಂಟು. ಆದರೆ ಟಾರು ರಸ್ತೆಯಲ್ಲಿ ಗುಂಯ್ ಅನ್ನುತ್ತಾ ಕಾಲಿನ ಶಕ್ತಿ ತಿನ್ನುತ್ತದೆ. ದಿನವೂ ಟಾರು, ಸ್ವಲ್ಪ ಮಣ್ಣು ಅನ್ನುವವರಿಗೆ ನಡುವೆ ನಯವಾಗಿ, ಅಂಚಿನಲ್ಲಿ ಮಾತ್ರ ಗೆರೆಯಿರುವ ಟೈರು ಸಾಕು.

ಗಾಳಿಯ ಲೆಕ್ಕವೂ ಪಕ್ಕೆಯಲ್ಲೇ ಬರೆದಿರುತ್ತದೆ. ಹೆಬ್ಬೆರಳಲ್ಲಿ ಒತ್ತಿ "ಇದೆ ಇದೆ" ಅನ್ನುವುದು ನಂಬುವ ಮಾತಲ್ಲ. ಸವಾರನ ಭಾರ ಹೆಚ್ಚು ಬೀಳುವುದು ಹಿಂದಿನ ಗಾಲಿಗೆ. ಅಲ್ಲಿ ಗಾಳಿ ಕಮ್ಮಿಯಾದರೆ ಗುಂಡಿಗೆ ಬಿದ್ದಾಗ ರಿಮ್ಮೂ ಕಲ್ಲೂ ಸೇರಿ ಟ್ಯೂಬನ್ನು ಕಚ್ಚುತ್ತವೆ. ಹಾವು ಕಡಿದ ಹಾಗೆ ಜೋಡಿ ತೂತು! ಪಂಚರ್ ಅಂಗಡಿಯವರು ಮುಳ್ಳು ಹುಡುಕಿದರೆ ಸಿಗುವುದಿಲ್ಲ, ಯಾಕೆಂದರೆ ಮುಳ್ಳೇ ಇಲ್ಲ.

ಫ್ರೇಮು ಮೈಗೆ ಹೊಂದಬೇಕು

ಕರೀ ಸೈಕಲ್ಲಿನ ಫ್ರೇಮು ದೊಡ್ಡವರ ಅಳತೆಯಲ್ಲಿ ಸಾಮಾನ್ಯವಾಗಿ 20, 22, 24 ಇಂಚು. "ಬೆಳೆಯೋ ಹುಡ್ಗ, ದೊಡ್ಡದೇ ಇರ್ಲಿ" ಅಂತ ತರುವ ಅಪ್ಪಂದಿರು ಬಹಳ. ಚಪ್ಪಲಿಯಾದರೆ ಸರಿ, ಸೈಕಲ್ಲಿಗೆ ಸಲ್ಲದು. ಎರಡು ಕಾಲೂ ನೆಲಕ್ಕೂರಿ ಮೇಲಿನ ಬಾರಿನ ಆಚೀಚೆ ನಿಂತಾಗ ಬಾರಿಗೂ ಮೈಗೂ ನಡುವೆ ಒಂದೆರಡು ಇಂಚು ಬಿಡುವು ಬೇಕು. ಇಲ್ಲದಿದ್ದರೆ ಲಾರಿ ಎದುರಿಗೆ ಬಂದು ತಟ್ಟನೆ ಇಳಿಯಬೇಕಾದಾಗ ಕಾಲು ನೆಲ ಮುಟ್ಟುವುದಿಲ್ಲ. ಸೀಟಿನ ಎತ್ತರಕ್ಕೂ ಸುಲಭದ ಲೆಕ್ಕವಿದೆ. ಪೆಡಲ್ಲು ಪೂರ್ತಿ ಕೆಳಗಿರುವಾಗ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು. ಮಂಡಿ ನೋವು ಅಂತ ಆಸ್ಪತ್ರೆಗೆ ಹೋಗುವ ಮೊದಲು ಸೀಟು ಏರಿಸಿ ನೋಡಬಹುದು.

ಹಳೇ ಸೈಕಲ್ ಕೊಳ್ಳುವವರು ಹ್ಯಾಂಡಲ್ಲಿನ ಕೆಳಗೆ, ಓರೆ ಪೈಪು ಸೇರುವ ಜಾಗದಲ್ಲಿ ಬೆರಳಾಡಿಸಬೇಕು. ಅಲ್ಲಿ ಬಣ್ಣ ಸುಕ್ಕುಗಟ್ಟಿದ್ದರೆ, ಪೈಪು ಉಬ್ಬಿದ್ದರೆ, ಗಾಡಿ ಎಲ್ಲೋ ಮುಖ ಕೊಟ್ಟು ಗುದ್ದಿದೆ ಅಂತಲೇ ಅರ್ಥ. ಹೊಸ ಬಣ್ಣ ಬಳಿದರೂ ಆ ಉಬ್ಬು ಅಡಗದು.

ಇನ್ನು ಮುಂದಿನ ಸ್ಪ್ರಿಂಗು. ಅಗ್ಗದ ಸ್ಪ್ರಿಂಗು ತೂಕ ಏರಿಸುತ್ತದೆ. ಎದ್ದು ನಿಂತು ತುಳಿದರೆ ಆ ಬಲದಲ್ಲಿ ಒಂದಿಷ್ಟನ್ನು ತಾನೇ ನುಂಗುತ್ತದೆ. ಸರಿಯಾದ ಅಗಲದ ಟೈರು, ಸರಿಯಾದ ಗಾಳಿ ಇದ್ದರೆ ನಾಲೆ ಏರಿಗೆ ಅದರ ಹಂಗಿಲ್ಲ.

ಕಡ್ಡಿ ಮೀಟಿ ನೋಡಿ

ಕರೀ ಸೈಕಲ್ಲಿನ ಕಡ್ಡಿ ಎಣಿಸಿದವರಿಗೆ ಗೊತ್ತು. ಮುಂದಿನ ಗಾಲಿಗೆ 32, ಹಿಂದಿನದಕ್ಕೆ 40. ಭಾರ ಹೊರುವುದೂ ಚೈನಿನ ಎಳೆತ ತಿನ್ನುವುದೂ ಹಿಂದಿನದೇ ಆದ್ದರಿಂದ ಈ ಏರ್ಪಾಡು. ಕಡ್ಡಿಗಳನ್ನು ಬೆರಳಲ್ಲಿ ಮೀಟಿದರೆ ಒಂದೇ ಪಕ್ಕದವು ಹೆಚ್ಚು ಕಮ್ಮಿ ಒಂದೇ ದನಿ ಕೊಡಬೇಕು. ಒಂದು 'ಡಬ್' ಅಂದರೆ ಅದು ಸಡಿಲ. ಅದರ ಕೆಲಸವನ್ನು ಪಕ್ಕದವು ಮಾಡುತ್ತವೆ, ಆಮೇಲೆ ಒಂದೊಂದಾಗಿ ತುಂಡಾಗುತ್ತವೆ. ಗಾಲಿ ಎತ್ತಿ ತಿರುಗಿಸಿದಾಗ ಬ್ರೇಕ್ ರಬ್ಬರಿಗೂ ರಿಮ್ಮಿಗೂ ಇರುವ ಸಂದು ಅಗಲ-ಕಿರಿದಾಗುತ್ತಿದ್ದರೆ ಬೆಂಡು ತೆಗೆಸಬೇಕು. ಗಾಲಿ ಹಿಡಿದು ಅಡ್ಡಡ್ಡ ಅಲ್ಲಾಡಿಸಿದಾಗ 'ಟಕ್ ಟಕ್' ಅಂದರೆ ಹಬ್ಬಿನ ಕೋನು ಸಡಿಲ, ಇಲ್ಲವೇ ಗುಂಡು ಸವೆದಿವೆ. ಈ ಗುಂಡು ಮುಂದಿನ ಗಾಲಿಗೆ 3/16 ಇಂಚು, ಹಿಂದಿನದಕ್ಕೆ ಕಾಲಿಂಚು. ಹಳೇದೂ ಹೊಸದೂ ಬೆರೆಸಿ ಹಾಕುವುದು ದುಡ್ಡುಳಿಸುವ ಉಪಾಯವಲ್ಲ, ಹಬ್ಬು ಕೆಡಿಸುವ ಉಪಾಯ.

ರಿಮ್ಮಿನೊಳಗೆ ಕಡ್ಡಿಯ ತಲೆಗಳನ್ನು ಮುಚ್ಚುವ ಪಟ್ಟಿಯೊಂದು ಇರುತ್ತದೆ. ಅದು ಹರಿದಿದ್ದರೆ ಎಷ್ಟು ಟ್ಯೂಬ್ ಹಾಕಿದರೂ ಒಳಗಿನಿಂದಲೇ ಪಂಚರ್.

ಮಳೆಗಾಲದ ಮಾತೊಂದು. ಮಿರಿಮಿರಿ ಮಿಂಚುವ ಉಕ್ಕಿನ ರಿಮ್ಮು ನೆನೆದರೆ ಬ್ರೇಕು ಜಾರುತ್ತದೆ. ಅಲ್ಯೂಮಿನಿಯಂ ರಿಮ್ಮಿಗೆ ಆ ದೋಷ ಕಡಿಮೆ. ಉಕ್ಕಿನದೇ ಇದ್ದವರು ಮಳೆಯಲ್ಲಿ ಹತ್ತು ಮಾರು ಮೊದಲೇ ಬ್ರೇಕು ಹಿಡಿಯುತ್ತ ಬರಬೇಕು.

ಉಳಿದಿರುವ ದಾರಿ

2023ರ ಆಗಸ್ಟ್ 1ರಿಂದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ಬೈಕು, ಆಟೋ, ಟ್ರ್ಯಾಕ್ಟರುಗಳ ಜತೆ ಸೈಕಲ್ಲಿಗೂ ಪ್ರವೇಶ ನಿಂತಿತು. ಸರ್ವಿಸ್ ರಸ್ತೆ, ನಾಲೆ ಏರಿ, ಊರ ಮಣ್ಣು ದಾರಿ, ಸೈಕಲ್ಲಿನವರಿಗೆ ಉಳಿದದ್ದು ಇವೇ. ಇಂಥ ದಾರಿಯಲ್ಲಿ ಗಾಡಿಯ ಮರ್ಯಾದೆ ಉಳಿಸುವುದು ಬಣ್ಣವಲ್ಲ, ಗಾಲಿ.

ಅಂಗಡಿಯವರಿಗೂ ಒಂದು ಮಾತಿದೆ. "ಇಪ್ಪತ್ತಾರು ಕೊಡಿ" ಅಂದಾಗ ಕೈಗೆ ಸಿಕ್ಕಿದ್ದು ಕೊಡದೆ "ಯಾವ ಇಪ್ಪತ್ತಾರು?" ಅಂತ ಕೇಳಿದರೆ ಹೋಗುವುದು ಅರ್ಧ ನಿಮಿಷ. ಕೇಳದಿದ್ದರೆ ಹೋಗುವುದು ಗಿರಾಕಿ. ಗೌಡರು ಆ ಎರಡು ಟೈರು ತಂದ ಅಂಗಡಿಗಳ ಕಡೆ ಮತ್ತೆ ತಲೆ ಹಾಕಿಲ್ಲವಂತೆ.

ಮಾರನೇ ದಿನ ಕೊಟ್ಟಿಗೆಯ ಸೈಕಲ್ ಗೂಡ್ಸ್ ಆಟೋದಲ್ಲಿ ಬಂತು. ಸಾಬ್ರು ಬೆರಳಾಡಿಸಿ ನೋಡಿದರು. ಫ್ರೇಮು ಸಾಚಾ. ಹುಡುಗನನ್ನು ನಿಲ್ಲಿಸಿದರು, ಅಳತೆಯೂ ಸರಿ. ಬೇಕಾದದ್ದು 559ರ ಎರಡು ನಯವಾದ ಟೈರು, ಟ್ಯೂಬು, ರಿಮ್ ಪಟ್ಟಿ, ಆರು ಕಡ್ಡಿ, ಎರಡೂ ಹಬ್ಬಿಗೆ ಹೊಸ ಗುಂಡು-ಗ್ರೀಸು, ಬ್ರೇಕ್ ರಬ್ಬರು. ಎಲ್ಲ ಸೇರಿ ಕೆಂಪು ಸೈಕಲ್ಲಿನ ಬೆಲೆಯ ಹತ್ತಿರಕ್ಕೂ ಬರಲಿಲ್ಲ.

ಹುಡುಗನ ಮೋರೆ ಮಾತ್ರ ಸಪ್ಪಗಿತ್ತು. ಒಂದು ಸುತ್ತು ಹೊಡೆದು ಬಂದ.

"ಎಂಗೈತ್ಲಾ?"

"ಹಗೂರಾಗಿ ಓಡ್ತದೆ ಕಣಪ್ಪಾ." ಸ್ವಲ್ಪ ತಡೆದು ಸೇರಿಸಿದ: "ಕೆಂಪು ಬಣ್ಣ ಬಳ್ಸಾಕಾಯ್ತದಾ ಸಾಬ್ರೇ?"

"ದಸರಾ ರಜಾದಲ್ಲಿ ತಗೊಂಡ್ ಬಾಪ್ಪ," ಅಂದರು ಸಾಬ್ರು. "ಈಗ ಬಸ್ಸಿಗೆ ಹೊತ್ತಾಯ್ತದೆ."