ಹಳೆಯ ಕಾರಿನ ಹಾರ್ನ್ ಮೌನ: ದೋಷ ಹಾರ್ನ್‌ನಲ್ಲೇ ಇರಬೇಕಿಲ್ಲ

ದೊಡ್ಡಗದ್ದವಳ್ಳಿ (ಹಾಸನ): ಹಾಸನ–ಬೇಲೂರು ರಸ್ತೆ ಬಿಟ್ಟು, 12ನೇ ಶತಮಾನದ ಲಕ್ಷ್ಮೀದೇವಿ ದೇವಾಲಯವಿರುವ ದೊಡ್ಡಗದ್ದವಳ್ಳಿಯತ್ತ ಹೊರಳುವ ಚಾಲಕರಿಗೆ ಎದುರಾಗುವುದು ಹಳ್ಳಿಯ ದಾರಿ. ದನಕರು, ಟ್ರ್ಯಾಕ್ಟರ್, ಪಾದಚಾರಿಗಳ ನಡುವೆ ಹಾರ್ನ್ ಕೈಕೊಟ್ಟರೆ ಅದನ್ನು ಸಣ್ಣ ತೊಂದರೆ ಎನ್ನಲಾಗದು.

ಅಂಬಾಸಿಡರ್ ಕಾರಿನ ಉತ್ಪಾದನೆ 2014ರಲ್ಲೇ ನಿಂತಿದ್ದರೂ ಅದನ್ನು ಜತನದಿಂದ ಉಳಿಸಿಕೊಂಡವರು ರಾಜ್ಯದಲ್ಲಿ ಇದ್ದಾರೆ. ಇಂತಹ ಹಳೆಯ ಕಾರುಗಳ ಹಾರ್ನ್ ಸದ್ದಡಗಿದಾಗ ಹೊಸ ಹಾರ್ನ್ ಕೊಳ್ಳುವವರೇ ಹೆಚ್ಚು. ಆದರೆ ದೋಷ ಅನೇಕ ವೇಳೆ ಅಡಗಿರುವುದು ಸ್ಟೀರಿಂಗ್ ಚಕ್ರದೊಳಗಿನ ವೈರಿಂಗ್‌ನಲ್ಲಿ.

ಕೆಲಸ ಮಾಡುವ ಬಗೆ

ಹಳೆಯ ಕಾರುಗಳು ಹಲವುದರಲ್ಲಿ ಬ್ಯಾಟರಿಯ ವಿದ್ಯುತ್ ಫ್ಯೂಸ್ ಮೂಲಕ ನೇರ ಹಾರ್ನ್‌ಗೆ ಬರುತ್ತದೆ. ಚಾಲಕ ಗುಂಡಿ ಒತ್ತಿದಾಗ ಹಾರ್ನ್‌ನ ಇನ್ನೊಂದು ತಂತಿ ಕಾರಿನ ಲೋಹದ ಮೈಗೆ, ಅಂದರೆ ಅರ್ತ್‌ಗೆ ತಾಗಿ ಮಂಡಲ ಪೂರ್ಣಗೊಳ್ಳುತ್ತದೆ. ಚಕ್ರ ತಿರುಗುವುದರಿಂದ ತಂತಿಯನ್ನು ಬಿಗಿದು ಕಟ್ಟುವಂತಿಲ್ಲ. ಆದ್ದರಿಂದ ಹಿತ್ತಾಳೆಯ ಬಳೆ ಹಾಗೂ ಅದಕ್ಕೆ ಒತ್ತಿಕೊಂಡಿರುವ ಸ್ಪ್ರಿಂಗ್ ಸಂಪರ್ಕವನ್ನು ಬಳಸಲಾಗುತ್ತದೆ. ಸವೆತ, ಕೊಳೆ, ಒಣಗಿದ ಗ್ರೀಸ್ ಇಲ್ಲಿನ ಶತ್ರುಗಳು.

ಪತ್ತೆ ಹೇಗೆ?

ಮೊದಲು ಫ್ಯೂಸ್ ನೋಡಬೇಕು. ನಂತರ ಹಾರ್ನ್‌ನ ಎರಡೂ ತಂತಿಗಳನ್ನು ಕಳಚಿ, ಇಗ್ನಿಷನ್ ಚಾಲೂ ಮಾಡಿ ಟೆಸ್ಟ್ ಲ್ಯಾಂಪ್‌ನಿಂದ ಪರೀಕ್ಷಿಸಬೇಕು. ದೀಪ ಬೆಳಗುವ ತಂತಿ ವಿದ್ಯುತ್ ತರುವಂಥದು. ಯಾವುದರಲ್ಲೂ ಬೆಳಗದಿದ್ದರೆ ದೋಷ ಫ್ಯೂಸಿನ ಕಡೆಯಲ್ಲಿದೆ. ಬೆಳಗಿದರೆ ಆ ತಂತಿಯನ್ನು ಮರಳಿ ಜೋಡಿಸಿ, ಹಾರ್ನ್‌ನ ಇನ್ನೊಂದು ತುದಿಯನ್ನು ಬೇರೊಂದು ತಂತಿಯಿಂದ ಲೋಹದ ಮೈಗೆ ಮುಟ್ಟಿಸಬೇಕು. ಸದ್ದು ಬಂದರೆ ಹಾರ್ನ್ ಸರಿಯಿದೆ, ತೊಂದರೆ ಸ್ಟೀರಿಂಗ್‌ನಲ್ಲಿದೆ. ರಿಲೇ ಇರುವ ಕಾರುಗಳಲ್ಲಿ ಈ ಪರೀಕ್ಷೆಯನ್ನು ರಿಲೇ ಬಳಿ ನಡೆಸಬೇಕಾಗುತ್ತದೆ.

ಚಕ್ರ ತಿರುಗಿಸಿದಾಗ ಮಾತ್ರ ಸದ್ದು ಬಂದು ಹೋಗುತ್ತಿದ್ದರೆ ಬಳೆ ಸವೆದಿರುವ ಸಾಧ್ಯತೆ ಇದೆ. ಗುಂಡಿ ಒತ್ತದೆಯೇ ಹಾರ್ನ್ ಕೂಗಿದರೆ ತಂತಿಯ ಹೊದಿಕೆ ಹರಿದು ಲೋಹಕ್ಕೆ ತಾಗುತ್ತಿರಬಹುದು. ತುಕ್ಕು ಅಥವಾ ರಬ್ಬರ್ ಜೋಡಣೆಯಿಂದ ಸ್ಟೀರಿಂಗ್ ಕಂಬಕ್ಕೆ ಅರ್ತ್ ಸರಿಯಾಗಿ ದೊರೆಯದಿರುವುದೂ ಉಂಟು; ಆಗ ಕಂಬದಿಂದ ಮೈಗೆ ಪ್ರತ್ಯೇಕ ಅರ್ತ್ ತಂತಿ ಹಾಕಿದರೆ ಸಾಕು.

ದುರಸ್ತಿ ಆರಂಭಿಸುವ ಮುನ್ನ ಬ್ಯಾಟರಿಯ ತಂತಿ ಕಳಚುವುದು ಕಡ್ಡಾಯ. ಚಕ್ರ ಬಿಚ್ಚುವುದಾದರೆ ಅದರ ಸ್ಥಾನವನ್ನು ಗುರುತು ಹಾಕಿಕೊಳ್ಳಬೇಕು, ಸುತ್ತಿಗೆಯಿಂದ ಬಡಿಯಬಾರದು. ಬಳೆಯನ್ನು ನಯವಾದ ಉಪ್ಪುಕಾಗದದಿಂದ ಉಜ್ಜಿ, ಬಲಗುಂದಿದ ಸ್ಪ್ರಿಂಗ್ ಬದಲಿಸಬೇಕು. ಏರ್‌ಬ್ಯಾಗ್ ಇರುವ ಹೊಸ ಕಾರುಗಳಿಗೆ ಈ ವಿಧಾನ ಸಲ್ಲದು.

ಅಡ್ಡದಾರಿ ಬೇಡ

ಫ್ಯೂಸ್ ಬದಲು ದಪ್ಪ ತಂತಿ ಸುತ್ತುವುದು ಬೆಂಕಿಗೆ ಆಹ್ವಾನ. ಡ್ಯಾಶ್‌ಬೋರ್ಡ್‌ಗೆ ಬೇರೆ ಗುಂಡಿ ಅಂಟಿಸಿದರೆ ತುರ್ತು ಕ್ಷಣದಲ್ಲಿ ಕೈ ಚಕ್ರ ಬಿಟ್ಟು ಹುಡುಕಾಡಬೇಕಾಗುತ್ತದೆ. ಕರ್ಕಶ ಬಹುಸ್ವರದ ಹಾರ್ನ್ ಅಳವಡಿಕೆಯನ್ನು ಕೇಂದ್ರ ಮೋಟಾರು ವಾಹನ ನಿಯಮಗಳು–1989ರ 119ನೇ ನಿಯಮ ನಿಷೇಧಿಸುತ್ತದೆ.

ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ನವೀಕರಣಕ್ಕೆ ಮೊದಲು ವಾಹನ ತಪಾಸಣೆ ಎದುರಿಸಬೇಕು. ಹಾರ್ನ್ ಆಗಲೇ ನೆನಪಾಗುವುದಕ್ಕಿಂತ ಮೊದಲೇ ನೆನಪಾಗುವುದು ಒಳಿತು.